ಬ್ಯಾಟಪ್ಪನನ್ನು ಬಿಟ್ಟುಕೊಟ್ಟದ್ದು

ಹೆಸರು ಬ್ಯಾಟಪ್ಪ, ಹಿಡಿದದ್ದು ಚೆಂಡು.
ಈ ನಗೆಮಾತು ಶಿಡ್ಲಘಟ್ಟದಲ್ಲಿ ಹಳಸಿ
ಈಗ ಚಿಂತಾಮಣಿಯಲ್ಲಿ ಬಿಸಿಬಿಸಿ.
ಗೂಡಿನ ಮಾರುಕಟ್ಟೆಯಲ್ಲಿ ಕೇಳುತ್ತಾರೆ ಜನ,
ತಕ್ಕಡಿಯ ಕೆಂಪು ಅಂಕಿ ನಿಲ್ಲುವ ಮೊದಲೇ:
"ಚೆನ್ನಾಗೇ ಹಾಕ್ತಿದ್ನಲ್ಲ, ಯಾಕಪ್ಪ ಬಿಟ್ರಿ?"

ಹೌದು. ಚೆನ್ನಾಗೇ ಹಾಕುತ್ತಿದ್ದ.
ಸ್ಕೋರು ಬರೆದವನು ನಾನೇ:
ಎಂಟನೆಯ ಓವರು, ಹತ್ತನೆಯ ಓವರು, ಹದಿನೇಳು ಪಂದ್ಯ;
ಹನ್ನೊಂದರಲ್ಲಿ ಗೆಲುವನ್ನು ನಮ್ಮ ಕೈಗಿಟ್ಟು
ನನ್ನ ಮೇಜಿನ ಕೆಳಗೆ ಚಪ್ಪಲಿ ಹುಡುಕಿ, ಹೋದ.

ಕಾರಣ ಬೇಕೆ? ಜಾಲರಿ ತುಂಬ ಇವೆ.
ಹರಾಜಿಗೆ ತಂಡಕ್ಕೆ ಸಾವಿರ ಅಂಕ.
ಸಿಕ್ಸರಿನ ಫೈರೋಜನಿಗೆ ನಾನ್ನೂರು ಸುರಿದು,
ಹೊಸ ಚೆಂಡಿನವನಿಗೆ ಮುನ್ನೂರು ಎಣಿಸಿ,
ಕೊನೆಯ ಹನ್ನೆರಡು ಎಸೆತಕ್ಕೆ ಉಳಿದದ್ದು
ಬೀಡಿ ಕಾಸು.
ಮೂವತ್ತನಾಲ್ಕು ದಾಟಿದೆ ಅವನಿಗೆ, ಬಲ ಭುಜ
ಎಣ್ಣೆ ಕಾಣದ ಚರಕದ ಹಾಗೆ ಕಿರುಗುಡುತ್ತದೆ.
ಅವೇ ಎಸೆತ ಅರ್ಧ ಬೆಲೆಗೆ ಹಾಕುವ ಹುಡುಗ
ಮಳ್ಳೂರಿನಲ್ಲಿ ಸಿಕ್ಕಿದ್ದಾನೆ.
ಇದೆಲ್ಲ ನಮ್ಮ ತಂಡದ ಯಜಮಾನರು
ಅನ್ಸರ್ ಸಾಬರು ಹೇಳಿದ್ದು.
ಅವರು ಗೂಡು ಕೊಳ್ಳುವುದೂ ಹೀಗೇ:
ಒಂದನ್ನೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ,
ಇನ್ನೆಷ್ಟು ನೂಲು ಬಂದೀತು ಅಂತ.

ಸ್ಕೋರು ಪುಸ್ತಕಕ್ಕೆ ಗೊತ್ತಿರುವುದು ಬೇರೆ ಇದೆ.
ಆ ಹನ್ನೊಂದರಲ್ಲಿ ನಾಲ್ಕು
ಕೆರೆ ಏರಿಯ ಕಡೆಯ ಗಾಳಿ ಗೆದ್ದವು.
ಸುಣ್ಣದ ಗೆರೆಗೆ ಒಂದು ಗೇಣು ಒಳಗೆ
ಚೆಂಡು ಮನಸ್ಸು ಬದಲಾಯಿಸಿ ಕೆಳಗಿಳಿಯಿತು,
ಕೈ ಒಡ್ಡಿ ಯಾರೋ ನಿಂತಿದ್ದರು.
ಗಾಳಿಗೊಂದು ಕಾಲಂ ಇಲ್ಲ ನನ್ನ ಪುಸ್ತಕದಲ್ಲಿ,
ಅವನ ಹೆಸರಿಗೇ ಬರೆದೆ.

ಇಷ್ಟಾದರೂ, ರಾತ್ರಿ
ಹುಳು ಬೇಯಿಸಿದ ವಾಸನೆ ಕಿಟಕಿಯಿಂದ ಒಳಗೆ ಬಂದಾಗ
ಯಾವ ಕಾರಣವೂ ಮಂಚದ ಹತ್ತಿರ ನಿಲ್ಲುವುದಿಲ್ಲ.

ಅವನು ಬರುತ್ತಿದ್ದದ್ದೇ ಆಟ ಕೆಟ್ಟ ಮೇಲೆ.
ನಗುನಗುತ್ತ ಆಡುವಾಗ ಅವನು ಥರ್ಡ್ ಮ್ಯಾನಿನಲ್ಲಿ,
ಜಾಲಿ ಗಿಡದ ಅಷ್ಟಿಷ್ಟು ನೆರಳಲ್ಲಿ.
ಕ್ಯಾಪ್ಟನ್ ಫಯಾಜ್ ಉಗುರು ಕಚ್ಚುತ್ತ ಆ ಕಡೆ ತಿರುಗಿದರೆ ಸಾಕು,
ನಮ್ಮೆಲ್ಲರ ಹೊಟ್ಟೆಯಲ್ಲಿ
ನಾಲ್ಕನೇ ಜ್ವರ ಎದ್ದ ಹುಳುಗಳು
ಸೊಪ್ಪು ಕಡಿಯುವ ಸದ್ದು.
ಅವನ ನಡಿಗೆಯೇ ನಮಗೆ ಸೋಲಿನ ಮುಖ.
ಆಂಬುಲೆನ್ಸಿನ ಡ್ರೈವರನ್ನು ಮದುವೆಗೆ ಕರೆಯಲು ಮರೆಯುತ್ತಾರಲ್ಲ,
ಹಾಗೆ, ಕಪ್ಪಿನ ಜೊತೆ ಫೋಟೋಗೆ
ಅವನನ್ನು ಕರೆಯಲು ಮರೆತೆವು.
ಎರಡು ಸಲ.

ಚಿಂತಾಮಣಿಯವರ ಫೋನು ಬಂದಾಗ
ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತಿದ್ದೆವು.
ಫಯಾಜ್ ಫೋನಿಗೆ ಅಂಗೈ ಮುಚ್ಚಿ ನಮ್ಮನ್ನು ನೋಡಿದ.
ಯಾರೋ ತೆಲುಗಲ್ಲಿ, "ಪೋನೀ" ಅಂದರು.
"ಹೋಗಲಿ ಬಿಡು" ಅಂದಿದ್ದರೆ
ಇನ್ನೊಂದು ಗುಟುಕಿನಷ್ಟು ಯೋಚಿಸುತ್ತಿದ್ದೆವೋ ಏನೋ.
ಅಂದದ್ದು ನಾನೇ ಅಂತ ಕಾಣುತ್ತದೆ.

ಹೋದ ಭಾನುವಾರ ಅವರ ಎದುರು ಆಟ.
ಮಳ್ಳೂರಿನ ಹುಡುಗ ಎರಡು ಓವರಿಗೆ ಒಂಬತ್ತು ಕೊಟ್ಟ,
ಸಾಬರ ಲೆಕ್ಕ ತಪ್ಪಿರಲಿಲ್ಲ.
ನಮ್ಮ ಬ್ಯಾಟಿಂಗು, ಏಳು ಓವರು ಮುಗಿದಿದೆ,
ಅವರ ಕ್ಯಾಪ್ಟನ್ ಬೇಲಿಯ ಕಡೆ ತಿರುಗಿದ.
ಅದೇ ನಡಿಗೆ. ಒಂದು ತೋಳು ಮಡಚಿ, ಇನ್ನೊಂದು ಇಳಿಬಿಟ್ಟು.
ಹೊಟ್ಟೆಯಲ್ಲಿ ಹುಳುಗಳೆದ್ದವು.
ಅವನು ಬರುತ್ತಿದ್ದಾನೆಂದರೆ ಇವತ್ತು
ಗೆಲ್ಲುತ್ತಿರುವವರು ನಾವು,
ಇಷ್ಟು ಹೊಳೆಯಲು ಮೂರು ಎಸೆತ ಹಿಡಿಯಿತು.
ಅಷ್ಟರಲ್ಲಿ ಇಬ್ಬರು ಔಟಾಗಿದ್ದರು.

ಉಳಿದದ್ದು ಪುಸ್ತಕದಲ್ಲಿದೆ.

ಸಂಜೆ ನನ್ನ ಮೇಜಿನ ಹತ್ತಿರ ಬಂದ.
ಎದುರು ಪುಟದಲ್ಲಿ ಬೆರಳಿಟ್ಟು ತನ್ನ ಹೆಸರು ಓದಿದ,
"ಒತ್ತು ಸರಿಯಾಗಿ ಕೊಟ್ಟಿದ್ದೀಯ" ಅಂದ.
ಆಮೇಲೆ ಬಗ್ಗಿ, ಮೇಜಿನ ಕೆಳಗಿಂದ
ಚಪ್ಪಲಿ ಎಳೆದುಕೊಂಡ.
ಹಳೇ ಜಾಗದಲ್ಲೇ ಬಿಟ್ಟಿದ್ದ.